ಇರುವೆಗೂ ದಾರಿಯಿಲ್ಲ

ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಕೂಸು ಹಾವು ಕಚ್ಚಿ ತೀರಿಕೊಂಡಿತ್ತು. ಹಾಗಾಗಿ ಈ ಸಲ ಮೋಡ ಕಟ್ಟುವ ಮೊದಲೇ ಮಾದೇಶ ಮನೆಯ ಸುತ್ತ ಮೊಣಕಾಲೂರಿ ಕೂತ. ಗೋಡೆಯ ಬುಡದಲ್ಲಿ ಕಂಡ ಬಿಲ, ಬಿರುಕು ಒಂದನ್ನೂ ಬಿಡದೆ ಗಾಜಿನ ಚೂರು ತುರುಕಿ ಸಿಮೆಂಟು ಮೆತ್ತಿದ. ಬಚ್ಚಲ ತೂತಿಗೆ ಬಲೆ ಕಟ್ಟಿದ, ಬಾಗಿಲಡಿಯ ಸಂದಿಗೆ ರಬ್ಬರು ಪಟ್ಟಿ ಹೊಡೆದ.

"ಇನ್ನು ನಿನ್ನ ಮಗಳನ್ನ ನೆಲದ ಮೇಲೇ ಆಡಾಕೆ ಬಿಡು. ಇರುವೆಗೂ ದಾರಿಯಿಲ್ಲ," ಎಂದ.

"ಸಾಕು ಜಂಬ. ಬೆನ್ನು ನೋವು ಅಂತ ನರಳಿದ್ರೆ ನಾನಂತೂ ಎಣ್ಣೆ ಹಚ್ಚಾಕಿಲ್ಲ," ಎಂದು ಹೆಂಡತಿ ನಕ್ಕಳು.

ಮೂರನೆಯ ದಿನಕ್ಕೆ ಸಿಮೆಂಟು ಕಲ್ಲಾಯಿತು. ಅವತ್ತು ಮಂಚದಡಿ ಗುಡಿಸುತ್ತಿದ್ದ ಹೆಂಡತಿ ಪೊರಕೆ ಬಿಸಾಕಿ ಕಿರುಚಿದಳು:

"ರೀ, ಕೂಸನ್ನ ಎತ್ಕೊಳ್ಳಿ! ಇಲ್ಲಿ ಹಾವಿನ ಪೊರೆ ಬಿದ್ದದೆ, ಇನ್ನೂ ಹಸಿಯಾಗೇ ಅದೆ."