ಎದ್ದ ಮೇಲೆ ಸೊಪ್ಪು

ಧನುಷ್ಕೋಡಿಗೆ ಇನ್ನೇನು ಮದುರೈ ಒಂದು ದಾಟಿದರೆ ಆಯಿತು ಎನ್ನುವಾಗ ಜಗನ್ ಗ್ರೂಪು ಬಿಟ್ಟು ಹೋದ.

ಬೈಕುಗಳೇನೂ ಹೊರಟಿರಲಿಲ್ಲ, ಶಿಡ್ಲಘಟ್ಟದ ಟೀ ಅಂಗಡಿ ಮುಂದೆಯೇ ನಿಂತಿದ್ದವು. ಮದುರೈ ತನಕ ಹೋಗಿದ್ದು ಶೋಯೆಬ್‌ನ ಬೆರಳು, ಅದೂ ಮೊಬೈಲಿನ ಮ್ಯಾಪಿನ ಮೇಲೆ. ಶೋಯೆಬ್ ಅದೇ ಊರಲ್ಲಿ ರೇಷ್ಮೆ ನೂಲು ಬಿಚ್ಚಿಸುವವನು. ಎದುರಿಗೆ ಕೂತ ವೆಂಕಟೇಶ್ ಚಿಂತಾಮಣಿಯ ತರಕಾರಿ ಮಂಡಿಯವನು. ವಾಟ್ಸಾಪಿನ ಗ್ರೂಪು ಬಿಟ್ಟ ಜಗನ್ ದಿಬ್ಬೂರಹಳ್ಳಿಯಲ್ಲಿ ರೇಷ್ಮೆಹುಳು ಮೇಯಿಸುವವನು. ಕಾಲೇಜು ಮುಗಿದಾಗಿನಿಂದ ಈ ಮೂವರೂ ಬೈಕಿನಲ್ಲಿ ಸಮುದ್ರ ನೋಡಲು ಹೊರಡುತ್ತಲೇ ಇದ್ದರು. ಪ್ರತಿ ಸಲವೂ ಜಗನ್‌ನ ಹುಳು ಅಡ್ಡ ಬರುತ್ತಿತ್ತು. ಹೋದರೆ ಮೂವರೂ, ಇಲ್ಲದಿದ್ದರೆ ಯಾರೂ ಇಲ್ಲ ಎಂದು ಮಾತಾಗಿತ್ತು. ಅದಕ್ಕೇ ಈ ಸಲ ಶೋಯೆಬ್ ಹುಳುವಿನ ಲೆಕ್ಕ ಹಿಡಿದೇ ದಿನ ಗೊತ್ತು ಮಾಡಲು ಕೂತಿದ್ದ.

"ಏಮಿರಾ ಇದಿ?" ವೆಂಕಟೇಶ್ ಟೀ ಲೋಟ ಕೆಳಗಿಟ್ಟ. "ಏನ್ ಬರ್ದೆ ನೀನು ಅವ್ನಿಗೆ?"

"ತಪ್ಪೇನೂ ಬರ್ದಿಲ್ಲ ಯಾರ್. ನೀನೇ ಓದು."

ಬೆಳಿಗ್ಗೆ ಶೋಯೆಬ್, "ಯಾವಾಗ ಹೊರಡಣ?" ಎಂದು ಕೇಳಿದ್ದ. "ಮನೇಲಿ ಜ್ವರ ಕಣೋ. ಎದ್ದ ಮೇಲೆ ಹೇಳ್ತೀನಿ" ಎಂದು ಜಗನ್ ಹಾಕಿದ್ದ. ಓದಿದ ಕೂಡಲೇ ಶೋಯೆಬ್ ತೊಡೆ ತಟ್ಟಿಕೊಂಡಿದ್ದ. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ಸುಮ್ಮನೆ ಮಲಗುತ್ತದಲ್ಲ, ಅದಕ್ಕೆ ಆ ಕಡೆಯವರು ಜ್ವರ ಎಂದೇ ಹೇಳುವುದು. ಅಂಥ ನಾಲ್ಕು ಜ್ವರ ಎದ್ದರೆ ಗೂಡು ಕಟ್ಟುತ್ತದೆ. ಗೂಡು ಮಾರಿದರೆ ಜಗನ್‌ಗೆ ಬಿಡುವು. ಆ ಖುಷಿಯಲ್ಲಿ ಶೋಯೆಬ್ ಬರೆದಿದ್ದ:

"ಸೂಪರ್ ಮಗಾ! ಒಳ್ಳೆ ಟೈಮಿಗೆ ಬಂದಿದೆ ಜ್ವರ. ಎದ್ದ ತಕ್ಷಣ ಸೊಪ್ಪು ಹಾಕು. ಗೂಡು ಕಟ್ಟಿದ್ಮೇಲೆ ಮಾರ್ಕೆಟ್‌ಗೆ ಸಾಗಿಸ್ಬಿಟ್ಟು ಹೊರಟೇ ಬಿಡಣ!"

ಅದರ ಕೆಳಗೆ ವೆಂಕಟೇಶ್ ಒಂದು ಕುಣಿಯುವ ಬೊಂಬೆಯನ್ನೂ ಹಾಕಿದ್ದ.

"ಸರಿಯಾಗೇ ಇದ್ಯಲ್ಲೋ," ಎಂದು ಅವನೂ ಒಪ್ಪಿದ. ಫೋನ್ ಮಾಡಿದರೆ ಜಗನ್ ಎತ್ತಲಿಲ್ಲ. ಮತ್ತೆ ಮಾಡಿದರೆ ಕಟ್ ಮಾಡಿದ.

"ಹುಳಕ್ಕೆ ರೋಗ ಬಿದ್ದಿರತ್ತೆ, ಅದಕ್ಕೇ ಉರ್ಕೊಂಡವ್ನೆ. ನಡಿ, ಹೋಗಿ ಒಂದೇ ಮಾತಲ್ಲಿ ಸಮಾಧಾನ ಮಾಡ್ತೀನಿ," ಎಂದು ಶೋಯೆಬ್ ಬೈಕು ಹತ್ತಿದ. ಮುನಿಸಿಕೊಂಡವರನ್ನು ದಾರಿಗೆ ತರುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ನಂಬಿಕೆ ಅವನಿಗೆ ಹುಟ್ಟಿನಿಂದಲೇ ಬಂದದ್ದು. ದಾರಿಯುದ್ದಕ್ಕೂ ಹಿಂದಿನ ಬೈಕಿನ ವೆಂಕಟೇಶ್‌ಗೆ ಕೇಳುವಂತೆ ಸೇಲಂನಲ್ಲಿ ಎಲ್ಲಿ ಊಟ ಮಾಡಬೇಕು ಎಂದು ಕೂಗಿ ಹೇಳುತ್ತಲೇ ಹೋದ.

ದಿಬ್ಬೂರಹಳ್ಳಿಯಲ್ಲಿ ಜಗನ್‌ನ ಹುಳುಮನೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ಹುಡುಕಿದರೂ ಒಂದು ಹುಳುವಿಲ್ಲ. ತೊಳೆದು ಸುಣ್ಣ ಚೆಲ್ಲಿದ ನೆಲ, ಒಣಗುತ್ತಿರುವ ಖಾಲಿ ಸ್ಟ್ಯಾಂಡುಗಳು. ಶೋಯೆಬ್ ಕಣ್ಣು ಕಣ್ಣು ಬಿಡುತ್ತಿರುವಾಗ ಜಗನ್ ಒದ್ದೆ ಬಟ್ಟೆಯೊಂದನ್ನು ಹಿಡಿದು ಮನೆಯಿಂದ ಹೊರಗೆ ಬಂದ.

"ಹುಳ ತಂದೇ ಇಲ್ವಲ್ಲೋ ನೀನು! ಮತ್ತೆ ಜ್ವರ ಯಾವ್ದಕ್ಕೆ?"

"ಯಾವ್ದಕ್ಕೆ ಅಲ್ಲ, ಯಾರ್ಗೆ ಅಂತ ಕೇಳು. ಅಮ್ಮನ್ಗೆ." ಜಗನ್ ಕೈಯಲ್ಲಿದ್ದ ಬಟ್ಟೆ ಹಿಂಡಿದ. "ಮೊನ್ನೆಯಿಂದ ಮೇಲೆದ್ದಿಲ್ಲ ಕಣೋ. ಡಾಕ್ಟ್ರು ಭಯ ಇಲ್ಲ ಅಂದವ್ರೆ, ಆದ್ರೂ ಒಂದು ತುತ್ತು ಒಳಕ್ಕೆ ಹೋಗ್ತಿಲ್ಲ. ಶೋಯೆಬ್ ಏನೋ ಬರ್ದವ್ನೆ, ಕೇಳಿ ಖುಷಿಪಡ್ಲಿ ಅಂತ ಪಕ್ಕದಲ್ಲಿ ಕೂತ್ಕೊಂಡು ಗಟ್ಟಿಯಾಗಿ ಓದ್ದೆ. ಮಾರ್ಕೆಟ್‌ಗೆ ಸಾಗಿಸೋವರ್ಗೂ ಓದ್ಬಿಟ್ಟೆ!"

ವೆಂಕಟೇಶ್ ಮುಖ ತಿರುಗಿಸಿ ಹಿಪ್ಪುನೇರಳೆ ತೋಟ ನೋಡತೊಡಗಿದ. ಶೋಯೆಬ್‌ಗೆ ನಿಂತಲ್ಲೇ ಭೂಮಿ ಬಾಯಿಬಿಡಬಾರದೇ ಎನಿಸಿತು. ಗೂಡು ನೋಡಲು ಬಂದಾಗಲೆಲ್ಲ ಜಗನ್‌ನ ಅಮ್ಮ ಅನಸೂಯಮ್ಮ ಮುದ್ದೆ ಬಸ್ಸಾರು ಬಡಿಸದೆ ಅವನನ್ನು ಕಳಿಸಿದ್ದೇ ಇಲ್ಲ. ಹುಳು ಎಷ್ಟನೇ ಜ್ವರದಲ್ಲಿದೆ ಎಂದು ಇಷ್ಟು ವರ್ಷ ಪ್ರತಿ ಬೆಳೆಗೂ ಕೇಳಿದ್ದ. ಆ ಹುಳುವಿಗೆ ಸೊಪ್ಪು ಹಾಕುವವರು ಹೇಗಿದ್ದಾರೆ ಎಂದು ಒಂದು ಸಲವೂ ಕೇಳಿರಲಿಲ್ಲ. ನಾಚಿಕೆಯಾಯಿತು ಅವನಿಗೆ, ಬಹಳ ನಾಚಿಕೆಯಾಯಿತು.

"ನೀವಿಬ್ರೂ ಹೋಗ್ಬನ್ರೋ," ಎಂದ ಜಗನ್. "ನನ್ನನ್ನ ಬಿಟ್ಬಿಡಿ."

"ಸಮುದ್ರ ಎಲ್ಗೂ ಹೋಗಲ್ಲ ಕಣೋ. ಅಮ್ಮ ಏಳ್ಲಿ. ಮೂವರು ಅಂದ್ರೆ ಮೂವರೇ," ಎಂದ ಶೋಯೆಬ್ ಚಪ್ಪಲಿ ಬಿಟ್ಟು ನೇರ ಒಳಗೆ ನಡೆದ. ಒಂದೇ ಮಾತಲ್ಲಿ ಸಮಾಧಾನ ಮಾಡುವ ಆ ಒಂದು ಮಾತು ಮಾತ್ರ ಅವನಿಗೆ ಸಿಕ್ಕಿರಲಿಲ್ಲ.

ಅನಸೂಯಮ್ಮ ಕಂಬಳಿ ಹೊದ್ದು ಗೋಡೆ ಕಡೆ ತಿರುಗಿ ಮಲಗಿದ್ದರು. ಶೋಯೆಬ್ ಮಂಚದ ಹತ್ತಿರ ಕುಕ್ಕರುಗಾಲಲ್ಲಿ ಕೂತ.

"ಅಮ್ಮಾ, ತಪ್ಪಾಯ್ತಮ್ಮ. ನಾನು ಹುಳಕ್ಕೆ ಅನ್ಕೊಂಡೆ."

ಕಂಬಳಿ ಅಲುಗಿತು. ಇನ್ನಷ್ಟು ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡು ಶೋಯೆಬ್ ಕೈ ಮುಗಿದ. ಬಾಗಿಲಲ್ಲಿ ನಿಂತಿದ್ದ ಜಗನ್ ಗಾಬರಿಯಿಂದ ಹತ್ತಿರ ಬಂದ. ಅನಸೂಯಮ್ಮ ಈ ಕಡೆ ತಿರುಗಿದರು, ಅವರು ನಗುತ್ತಿದ್ದರು. ಮೊಣಕೈ ಊರಿ ನಿಧಾನವಾಗಿ ಎದ್ದು ಕೂತರು, ಬಿಚ್ಚಿದ ತುರುಬು ಕಟ್ಟಿಕೊಂಡರು, ಆಮೇಲೆ ಶೋಯೆಬ್‌ನ ಎರಡೂ ಖಾಲಿ ಕೈಗಳನ್ನು ನೋಡಿದರು.

"ಎದ್ದಿದೀನಿ ಕಣಪ್ಪ," ಎಂದರು. "ಸೊಪ್ಪೆಲ್ಲಿ?"