ತುಳುಕದ ಹಾಲು

"ಒಂದ್ಸಲ ಬಾನೆಟ್ ಮೇಲೆ ಒಂದು ಬಸುರಿ ಬೆಕ್ಕು ಮಲಗಿತ್ತು. ಪೆರಿಯಕುಳದಲ್ಲಿ ಕ್ಲಚ್ ಬಿಟ್ಟೆ ನೋಡು, ದಿಂಡಿಗಲ್ ಮುಟ್ಟೋದ್ರೊಳಗೆ ಮೂರು ಮರಿ ಹಾಕಿತ್ತು. ಗಾಡಿ ಹೊರಟದ್ದೇ ಅದಕ್ಕೆ ಗೊತ್ತಿಲ್ಲ!"

ಸ್ಟೀರಿಂಗ್ ಹಿಡಿದು ಮೂಕಯ್ಯ ಹೀಗೆಂದಾಗ ಹಿಂದಿನ ಸೀಟಿನಲ್ಲಿದ್ದ ತಾಯಿ ಪಾಪಮ್ಮಾಳ್ ನಗಲಿಲ್ಲ. ಅವಳ ತೊಡೆಯ ಮೇಲೆ ಹಿತ್ತಾಳೆಯ ಚೊಂಬು. ಚೊಂಬಿನಲ್ಲಿ ಅಂಚಿನವರೆಗೂ ಹಾಲು.

"ಬಾಯಿ ಮುಚ್ಚಿ ರೋಡು ನೋಡಡಾ ಮೂಕಾ. ಇದು ತುಳುಕಿದ್ರೆ ನಿನ್ನ ಬೆಕ್ಕು ಬಂದು ಮಾನ ಉಳಿಸಾಕಿಲ್ಲ."

ಅದು ಆ ಮನೆತನದ ಕಟ್ಟಳೆ. ಮಗುವಿಗೆ ಕಿವಿ ಚುಚ್ಚುವ ದಿನ ಸೋದರಮಾವ ಉಡುಗೊರೆಯ ಗಾಡಿಯನ್ನು ತಾನೇ ಹೊಡೆದುಕೊಂಡು ಬರಬೇಕು. ತವರಿನ ಹಾಲು ಹನಿಯೂ ಚೆಲ್ಲದೆ ತಂಗಿಯ ಬಾಗಿಲು ಮುಟ್ಟಬೇಕು. ಮುಟ್ಟಿದರೆ ಮಗು ಕೂರುವುದು ಅವನ ತೊಡೆಯ ಮೇಲೆ. ಚೆಲ್ಲಿದರೆ ಇನ್ನೊಬ್ಬ ಮಾವನ ತೊಡೆ. ಎತ್ತುಗಳು ಹೋಗಿ ಕಾರು ಬಂದರೂ ಕಟ್ಟಳೆ ಕದಲಿರಲಿಲ್ಲ. ತಂಗಿ ತೇನ್‌ಮೊಳಿಗೆ ಮಗುವಾದದ್ದೇ ಮದುವೆಯಾಗಿ ಎಷ್ಟೋ ವರ್ಷಕ್ಕೆ. ಆ ಕೂಸಿಗಾಗಿ ಮೂಕಯ್ಯ ತನ್ನ ಮಾವಿನ ತೋಪನ್ನು ಬೇಕಾದರೂ ಬಿಟ್ಟುಕೊಟ್ಟಾನು.

ಇನ್ನೊಬ್ಬ ಮಾವ ಎಂದರೆ ತಮ್ಮ ವಿಘ್ನೇಶ್ವರನ್. ಬೈಕಿನಲ್ಲಿ ಹಿಂದೆಯೇ ಬರುತ್ತಿದ್ದ. ಮೊನ್ನೆಮೊನ್ನೆಯವರೆಗೆ ಕಾರಿನ ಕೀಲಿ ಎಲ್ಲಿ ಹಾಕಬೇಕೆಂದು ತಿಳಿಯದ ಅಣ್ಣ ಇವತ್ತು ತೇನಿಯ ಬಸ್ಸುಗಳ ನಡುವೆ ಬೆಣ್ಣೆಯಲ್ಲಿ ಕೂದಲೆಳೆದಂತೆ ಗಾಡಿ ನುಸುಳಿಸಿದ್ದ. ಇದರಲ್ಲಿ ಏನೋ ಇದೆ ಎಂದು ವಿಘ್ನೇಶ್ವರನ್ ಹದ್ದಿನ ಕಣ್ಣು ಬಿಟ್ಟಿದ್ದ.

ಮೂಕಯ್ಯನ ಪಕ್ಕದಲ್ಲಿ ಮಗಳು ಕಲೈಸೆಲ್ವಿ. ತೇನಿಯಲ್ಲಿ ದೊಡ್ಡ ಆಫೀಸರ್ ಎಂದು ಅಪ್ಪ ಕಣಿವೆಯುದ್ದಕ್ಕೂ ಸಾರಿದ್ದ ಮಗಳು. ಕಾರೂ ಅವಳ ಆಫೀಸಿನದೇ. ಚೆಂಡುಹೂವಿನ ಹಾರಗಳನ್ನು ಎಷ್ಟು ಸುತ್ತಿದ್ದರೆಂದರೆ ಕಾರಿನ ನೆತ್ತಿಯೇ ಕಾಣುತ್ತಿರಲಿಲ್ಲ. ಅವಳ ಮಡಿಲಲ್ಲಿ ಉಡುಗೊರೆಯ ತಟ್ಟೆಗಳು, ಅವುಗಳ ಕೆಳಗೆ ನೆಲದವರೆಗೆ ಇಳಿದ ರೇಷ್ಮೆ ಸೀರೆ. ಚಪ್ಪಲಿ ಕಳಚಿಟ್ಟಿದ್ದಳು. ಹಣೆಯಲ್ಲಿ ಬೆವರು. ಹೊರಟಾಗಿನಿಂದ ಕಣ್ಣು ರಸ್ತೆಯ ಮೇಲೇ.

"ಅಪ್ಪನ ಪಕ್ಕ ಕೂತು ಹೆಣ್ಣು ನಡುಗಿಹೋಗ್ಯದೆ," ಎಂದಳು ಪಾಪಮ್ಮಾಳ್.

ಚಿನ್ನಮನೂರಿನ ಹೊರಗೆ, ಕಾಲುವೆಯ ದಂಡೆ ಹತ್ತಿ ತಂಗಿಯ ಮನೆಗೆ ಹೋಗುವ ಏರು ಬಂತು. ಏರಲ್ಲ ಅದು, ಗೋಡೆಗೆ ಡಾಂಬರು ಬಳಿದಂತಿತ್ತು. ನಟ್ಟನಡುವೆ, ಬಾಳೆಗೊನೆ ಹೊತ್ತ ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ಕಾರೂ ನಿಂತಿತು. ವಿಘ್ನೇಶ್ವರನ್ ಬೈಕನ್ನು ಕಾರಿನ ಹಿಂಬದಿಗೆ ಅಂಟಿಸಿ ನಿಲ್ಲಿಸಿದ.

ಬ್ರೇಕ್ ಬಿಟ್ಟರೆ ಕಾರು ಹಿಂದಕ್ಕೆ, ತಮ್ಮನ ಮೇಲೆ. ಕ್ಲಚ್ ಬೇಗ ಬಿಟ್ಟರೆ ಗಾಡಿ ಕುಪ್ಪಳಿಸಿ ಆಫ್, ಹಾಲು ನೆಲಕ್ಕೆ. ಎರಡರ ನಡುವೆ ಎಳ್ಳಿನಷ್ಟು ಜಾಗ.

ಟ್ರ್ಯಾಕ್ಟರ್ ಹೊರಟಿತು.

"ಈಗ, ಅಪ್ಪಾ," ಎಂದಳು ಕಲೈಸೆಲ್ವಿ, ತುಟಿ ಅಲುಗದಂತೆ.

ಮೂಕಯ್ಯ ಆಕ್ಸಿಲರೇಟರ್ ಒತ್ತಿದ. ಆ ಗರ್ಜನೆಗೆ ಮೇಘಮಲೆಯ ಆನೆಗಳೂ ಕಿವಿ ನಿಮಿರಿಸಿರಬೇಕು. ಕಾರು ಸಣ್ಣಗೆ ನಡುಗಿತು. ಮೂತಿ ತುಸು ಮೇಲೆದ್ದಿತು. ಹಾಲು ಅಂಚಿಗೆ ಬಂದು ಉಬ್ಬಿತು. ಪಾಪಮ್ಮಾಳ್ ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ ಕಾರು ಏರಿನ ತುದಿಯಲ್ಲಿತ್ತು. ಸೆರಗಿನ ಮೇಲೆ ಒಂದು ಹನಿಯೂ ಇರಲಿಲ್ಲ.

ಬಾಗಿಲಲ್ಲಿ ಆರತಿ ಎತ್ತಿದರು. ಪಾಪಮ್ಮಾಳ್ ಚೊಂಬನ್ನು ಎಲ್ಲರಿಗೂ ತೋರಿಸಿದಳು. ಮೂಕಯ್ಯ ಮೀಸೆ ತಿರುವಿದ.

"ನೋಡಿದ್ಯೇನಡಾ ತಂಬಿ? ಕಾಲಲ್ಲ ಇದು, ಅಕ್ಕಸಾಲಿಗನ ತಕ್ಕಡಿ!"

ವಿಘ್ನೇಶ್ವರನ್ ತಲೆಯಾಡಿಸಿದ. ಚಪ್ಪರದ ಬಾಯಿಗೇ ತೇನ್‌ಮೊಳಿಯ ಗಂಡನ ಕಾರು ಅಡ್ಡ ನಿಂತಿತ್ತು. ಅದರ ಕೀಲಿಯನ್ನು ಅಣ್ಣನ ಕೈಗಿಟ್ಟ.

"ಹಂಗೇ ಇದನ್ನೂ ಒಸಿ ಮುಂದಕ್ಕೆ ಬಿಟ್ಬುಡಣ್ಣಾ. ಜನ ಬರೋ ದಾರಿ."

"ನಾನೂ ಬತ್ತೀನಿ," ಎಂದು ಕಲೈಸೆಲ್ವಿ ಮುಂದೆ ಬಂದಳು.

"ನೀ ಯಾಕಮ್ಮಾ? ಒಂದು ಮಾರು ದೂರಕ್ಕೆ ಆಫೀಸರ್ ಬೇಕಾ?" ಎಂದು ವಿಘ್ನೇಶ್ವರನ್ ತಡೆದ.

ನೆಂಟರೆಲ್ಲ ನೋಡುತ್ತಿದ್ದರು. ಮೂಕಯ್ಯ ಹತ್ತಿ ಕೂತ. ಕಾರು ಕಪ್ಪೆಯಂತೆ ಹಾರಿ ಸತ್ತಿತು. ಮತ್ತೆ ಹಾರಿತು, ಮತ್ತೆ ಸತ್ತಿತು. ಆಮೇಲಿನ ನೆಗೆತಕ್ಕೆ ಚಪ್ಪರದ ಬಿದಿರೊಂದು ಬಾನೆಟ್ ಮೇಲೆ ಉರುಳಿತು. ನಾದಸ್ವರದವನೂ ಊದುವುದನ್ನು ನಿಲ್ಲಿಸಿದ.

ತೇನ್‌ಮೊಳಿ ಮಗುವನ್ನು ಎತ್ತಿಕೊಂಡು ಕಾರಿನ ಕಿಟಕಿಯ ಬಳಿ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಅಣ್ಣಾ, ಕೂಸಿನ ತಲೆ ಮುಟ್ಟಿ ನಿಜ ಹೇಳು. ಯಾರ ತೊಡೆ ಮೇಲೆ ಕೂರಿಸ್ಲಿ?"

ಮೂಕಯ್ಯ ಮಗುವಿನ ಕಡೆ ಕೈ ಚಾಚಿದ. ಮುಟ್ಟದೆ ಹಿಂದಕ್ಕೆಳೆದುಕೊಂಡ.

"ಕಲೈ ತೊಡೆ ಮೇಲೆ ಕೂರ್ಸಮ್ಮಾ. ಅವಳು ಆಫೀಸರಲ್ಲ, ಡ್ರೈವಿಂಗ್ ಸ್ಕೂಲ್ ಟೀಚರು. ಆ ಗಾಡೀಲಿ ಅವಳ ಕಾಲಡಿಗೂ ಒಂದು ಕ್ಲಚ್ಚು, ಒಂದು ಬ್ರೇಕು ಅವೆ. ಪೆರಿಯಕುಳದಿಂದ ಇಲ್ಲಿಗಂಟ ಎರಡನ್ನೂ ತುಳಿದೋಳು ಅವಳೇ. ಸದ್ದು ಮಾತ್ರ ನಂದು."