ಪರದೆಯ ಮರೆಯಿಂದ

ನನ್ನ ದನಿ ಯಾರಿಗೂ ಕೇಳಿಸುವುದೇ ಇಲ್ಲವೇನೋ ಎಂಬ ಅಳುಕು ನನಗೆ ಮೊದಲಿನಿಂದಲೂ ಇದೆ. ಅದಕ್ಕೇ ನಮ್ಮ ಬಡಾವಣೆಯ ನಾಟಕದಲ್ಲಿ ಅಪ್ಪ ನನ್ನನ್ನು ಪರದೆಯ ಹಿಂದೆ, ನಟರಿಗೆ ಮಾತು ನೆನಪಿಸುವ ಪ್ರಾಂಪ್ಟರ್ ಮಾಡಿ ಕೂರಿಸಿದ್ದರು. ಬರುವ ಶುಕ್ರವಾರ ನನ್ನ ನಿಶ್ಚಿತಾರ್ಥ. ಗಂಡಿನ ಹೆಸರು ನನಗೆ ಗೊತ್ತಾದದ್ದೇ ಅಮ್ಮ ಸೀರೆ ತಂದ ದಿನ. ಬೇಡ ಎಂದು ನಾನಿನ್ನೂ ಯಾರಿಗೂ ಹೇಳಿರಲಿಲ್ಲ.

ನಾಟಕ ಹಳೆಯದು. ರಾಜ ತನ್ನ ಮಗಳನ್ನು ಒಂದು ಮಾತೂ ಕೇಳದೆ ಶತ್ರುವಿಗೆ ಧಾರೆಯೆರೆದು ಕೊಡುತ್ತಾನೆ. ಅಪ್ಪನೇ ರಾಜ. ರಾಜಕುಮಾರಿಯಾದ ಪಂಕಜಕ್ಕನಿಗೆ ಮಾತು ನೆನಪಿರುವುದಿಲ್ಲ. ನಾನು ಪಿಸುಗುಟ್ಟಿದ್ದನ್ನೆಲ್ಲ ಹಾಗೆಯೇ ಗಟ್ಟಿಯಾಗಿ ಹೇಳಿಬಿಡುತ್ತಾರೆ.

ಆಟ ಮುಗಿದ ಮೇಲೆ ನಟರೆಲ್ಲ ವೇಷದಲ್ಲೇ ರಂಗದ ಮೇಲೆ ಪ್ರೇಕ್ಷಕರೊಡನೆ ಸಂವಾದಕ್ಕೆ ಕೂತರು; ಪಂಕಜಕ್ಕ ಮೈಕು ಹಿಡಿದು ನನ್ನ ಪರದೆಯ ಪಕ್ಕದಲ್ಲೇ ಇದ್ದರು. ಮುಂದಿನ ಸಾಲಿನಿಂದ ಮೇಷ್ಟ್ರು ಎದ್ದರು.

“ಈಗಲೂ ಹೀಗೆ ನಡೆಯುತ್ತಾ ಸ್ವಾಮಿ, ನಮ್ಮ ಬಡಾವಣೇಲಿ?”

“ಆ ಕಾಲ ಹೋಯ್ತು ಬಿಡಿ ಮೇಷ್ಟ್ರೇ,” ಎಂದು ಅಪ್ಪ ಕಿರೀಟ ಸರಿಮಾಡಿಕೊಂಡರು. “ನಮ್ಮನೇದೇ ತಗೊಳ್ಳಿ. ಮಗಳು ಹೂಂ ಅಂದ್ಮೇಲೇ ನಾನು ಗಂಡಿನೋರಿಗೆ ಮಾತು ಕೊಟ್ಟಿದ್ದು.”

“ಹಂಗಾದ್ರೆ ಮಹಾರಾಜರು ಸುಧಾರಿಸಿದ್ದಾರೆ ಅನ್ನಿ,” ಎಂದು ಯಾರೋ ನಗಿಸಿದರು.

ಹೆಂಗಸರ ಸಾಲಿನಲ್ಲಿ ಅಮ್ಮ ತಲೆ ತಗ್ಗಿಸಿದ್ದು ಪರದೆಯ ಸಂದಿಯಿಂದ ನನಗೆ ಕಂಡಿತು. ನಾಟಕದ ಪುಸ್ತಕ ಮುಚ್ಚಿ, ಮರೆಯಿಂದಲೇ ಹೇಳಿಬಿಟ್ಟೆ.

“ಸುಳ್ಳು ಅಪ್ಪಾ. ನನ್ನನ್ನ ನೀವು ಕೇಳ್ಲೇ ಇಲ್ಲ.”

ಪಂಕಜಕ್ಕ ಅಭ್ಯಾಸಬಲದಿಂದ ಅದನ್ನೇ ಮೈಕಿನಲ್ಲಿ ಗಟ್ಟಿಯಾಗಿ ಹೇಳಿದರು. ರಾಜಕುಮಾರಿಯ ಮಾತೆಂದುಕೊಂಡು ಜನ ಚಪ್ಪಾಳೆ ತಟ್ಟಿದರು; ಎಲ್ಲರಿಗಿಂತ ಜೋರಾಗಿ ಅಪ್ಪ ತಟ್ಟಿದರು.